ಆಕನೀಚಿ ಸ್ಪೀಡ್‌ವೇ ಟ್ರೇಲ್: ಕಾಡಾಗಿ ಉಳಿದ ರೇಸ್ ಟ್ರ್ಯಾಕ್

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಹಿಲ್ಸ್‌ಬರೊ ಊರಿನ ಅಂಚಿನಲ್ಲಿ, ಈನೋ ನದಿಯ ದಡಕ್ಕೆ ಹೊಂದಿಕೊಂಡಂತೆ 44 ಎಕರೆಯಷ್ಟು ಕಾಡಿದೆ. ಅದರೊಳಗೆ ಸಾಗುವ ಕಾಲುದಾರಿಗೆ ಆಕನೀಚಿ ಸ್ಪೀಡ್‌ವೇ ಟ್ರೇಲ್ ಎಂದು ಹೆಸರು. 1948ರಿಂದ 1968ರವರೆಗೆ ಇದು ಸ್ಟಾಕ್ ಕಾರ್, ಅಂದರೆ ಮಾರುಕಟ್ಟೆಯಲ್ಲಿ ಸಿಗುವ ಮಾದರಿಯ ಕಾರುಗಳ ರೇಸಿಗೆ ಮಣ್ಣಿನ ಟ್ರ್ಯಾಕ್ ಆಗಿತ್ತು. ರಾಲಿ, ಕ್ಯಾರಿ, ಡರಮ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರು ವಾರಾಂತ್ಯಕ್ಕೆ ಸಮುದ್ರತೀರವನ್ನೋ ಬ್ಲೂ ರಿಜ್ ಬೆಟ್ಟಗಳನ್ನೋ ಹುಡುಕಿಕೊಂಡು ಹೋಗುತ್ತಾರೆ. ಅವರೆಲ್ಲರೂ ಇಲ್ಲಿಗೊಮ್ಮೆ ಬರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರವೇಶ ಶುಲ್ಕವಿಲ್ಲ, ವಾಹನ ನಿಲ್ಲಿಸಲು ಜಾಗವಿದೆ, ನೆಲ ಬಹುತೇಕ ಸಮತಟ್ಟಾಗಿರುವುದರಿಂದ ಊರಿನಿಂದ ಬಂದ ಹಿರಿಯರೂ ಆರಾಮವಾಗಿ ನಡೆಯಬಹುದು.

ಈ ಜಾಗ ಮೊದಲು ಡರಮ್‌ನ ತಂಬಾಕು ಉದ್ಯಮಿ ಜೂಲಿಯನ್ ಕಾರ್ ಅವರ ಜಮೀನಾಗಿತ್ತು. ಅಲ್ಲಿ ಕುದುರೆ ಓಡಿಸುವ ಅಂಕಣವೊಂದಿತ್ತು. ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆಯ ಸ್ಥಾಪಕ ಬಿಲ್ ಫ್ರಾನ್ಸ್ ವಿಮಾನದಲ್ಲಿ ಹೋಗುವಾಗ ಅದನ್ನು ಮೇಲಿನಿಂದ ಕಂಡು ಆಸೆಪಟ್ಟರೆಂದು ಹೇಳುತ್ತಾರೆ. ಅಂತೂ 1948ರ ಜೂನ್‌ನಲ್ಲಿ ಇಲ್ಲಿ ಮೊದಲ ಕಾರ್ ರೇಸ್ ನಡೆಯಿತು, ಅದನ್ನು ಫಾಂಟಿ ಫ್ಲಾಕ್ ಗೆದ್ದರು. ಮರುವರ್ಷ ನ್ಯಾಸ್ಕಾರ್ ತನ್ನ ಮೊಟ್ಟಮೊದಲ ‘ಸ್ಟ್ರಿಕ್ಟ್‌ಲಿ ಸ್ಟಾಕ್’ ಸರಣಿಯನ್ನು ಆರಂಭಿಸಿತು. ಷೋರೂಮಿನಿಂದ ಹೊರಬಂದ ಕಾರನ್ನು ಹೆಚ್ಚೇನೂ ಬದಲಾಯಿಸದೆ ಓಡಿಸಬೇಕೆಂಬುದು ಅದರ ನಿಯಮ. ಆ ಋತುವಿನಲ್ಲಿ ನಡೆದ 8 ರೇಸುಗಳಲ್ಲಿ ಮೂರನೆಯದು ಇಲ್ಲಿಯದು; 1949ರ ಆಗಸ್ಟ್ 7ರಂದು ಫಾಂಟಿಯ ಅಣ್ಣ ಬಾಬ್ ಫ್ಲಾಕ್ ಇಲ್ಲಿ ಮೊದಲಿಗರಾದರು. ಆ ಮೊದಲ ಋತುವಿನ ಮಣ್ಣಿನ ಟ್ರ್ಯಾಕ್‌ಗಳ ಪೈಕಿ ಇಂದಿಗೂ ಉಳಿದಿರುವುದು ಇದೊಂದೇ. ಉಳಿದವುಗಳಲ್ಲಿ ಕೆಲವು ಅಳಿಸಿಹೋಗಿವೆ, ಮಾರ್ಟಿನ್ಸ್‌ವಿಲ್‌ನಂಥವು ಡಾಂಬರು ಕಂಡು ಬೇರೆಯೇ ರೂಪ ತಾಳಿವೆ.

ನಡೆಯತೊಡಗಿದಾಗ ಮೊದಲು ಗಮನಕ್ಕೆ ಬರುವುದು ದಾರಿಯ ಅಗಲ. ಸಾಮಾನ್ಯ ಕಾಲುದಾರಿಗೆ ಬೇಕಾದುದಕ್ಕಿಂತ ಅದು ಎಷ್ಟೋ ಪಟ್ಟು ಅಗಲವಾಗಿದ್ದು, ಎರಡೂ ಬದಿಯ ಮರಗಳು ಮೇಲೆ ಬಾಗಿಕೊಂಡಿವೆ. ಒಂದು ಸುತ್ತು 0.9 ಮೈಲಿ, ಅಂದರೆ ಸುಮಾರು ಒಂದೂವರೆ ಕಿಲೋಮೀಟರ್. ಒಂದು ಕಡೆ ಗುಡ್ಡದ ಇಳಿಜಾರಿನಲ್ಲಿ ಪ್ರೇಕ್ಷಕರ ಗ್ಯಾಲರಿಯ ಕಾಂಕ್ರೀಟ್ ಮೆಟ್ಟಿಲುಗಳು ಇನ್ನೂ ಇವೆ. ಪೈನ್ ಮರದ ಒಣಗಿದ ಸೂಜಿಯೆಲೆಗಳು ಮೆಟ್ಟಿಲುಗಳ ಮೇಲೆ ಹಾಸಿಕೊಂಡಿವೆ, ಮೂಲೆಗಳಲ್ಲಿ ಪಾಚಿ ಕಟ್ಟಿದೆ. ಆ ಮೆಟ್ಟಿಲ ಮೇಲೆ ಕುಳಿತು ಎದುರಿಗೆ ನೋಡಿದರೆ, ಹಿಂದೆ ಬಯಲಾಗಿದ್ದ ಟ್ರ್ಯಾಕಿನ ಒಳಭಾಗದಲ್ಲಿ ಎತ್ತರದ ಮರಗಳು ಬೆಳೆದು ನಿಂತಿರುವುದರಿಂದ, ಆಚೆ ಬದಿಯ ನೇರದಾರಿ ಕಾಣುವುದೇ ಇಲ್ಲ. ಬಾವುಟ ಬೀಸುವವರು ನಿಲ್ಲುತ್ತಿದ್ದ ಅಟ್ಟಣಿಗೆಯೂ ಇದೆ.

ಈ ಟ್ರ್ಯಾಕಿನಲ್ಲಿ ಓಡಿಸುವುದೆಂದರೆ ಏನೆಂಬುದು ತಿರುವುಗಳಲ್ಲಿ ನಡೆದಾಗ ಸ್ವಲ್ಪಮಟ್ಟಿಗೆ ಅರ್ಥವಾಗುತ್ತದೆ. ಮಣ್ಣಿನ ಮೇಲೆ ಟೈರಿಗೆ ಹಿಡಿತ ಕಡಿಮೆ, ಆದ್ದರಿಂದ ಚಾಲಕರು ತಿರುವು ಬರುವ ಮುಂಚೆಯೇ ಕಾರಿನ ಹಿಂಭಾಗವನ್ನು ಬೇಕೆಂದೇ ಹೊರಕ್ಕೆ ಜಾರಿಸಿ, ಸ್ಟಿಯರಿಂಗನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ, ಕಾಲನ್ನು ಆಕ್ಸಲರೇಟರಿನಿಂದ ತೆಗೆಯದೆ ಇಡೀ ತಿರುವನ್ನು ಅಡ್ಡಡ್ಡಲಾಗಿಯೇ ದಾಟುತ್ತಿದ್ದರು. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಕಣ್ಣು ಕಾಣದು; ಸುತ್ತು ಹೆಚ್ಚಿದಂತೆ ನೆಲ ಗುಂಡಿ ಬೀಳುತ್ತದೆ. ಕರ್ಟಿಸ್ ಟರ್ನರ್ ಈ ಜಾರಿಸುವ ವಿದ್ಯೆಯಲ್ಲಿ ಅಸಾಧಾರಣರೆಂದು ಹೆಸರಾಗಿದ್ದರು. ಫಯರ್‌ಬಾಲ್ ರಾಬರ್ಟ್ಸ್ ತಮ್ಮ 21ನೆಯ ವಯಸ್ಸಿನಲ್ಲಿ, 1950ರ ಆಗಸ್ಟ್‌ನಲ್ಲಿ, ನ್ಯಾಸ್ಕಾರ್‌ನ ಅತ್ಯುನ್ನತ ಸರಣಿಯ ಮೊದಲ ಗೆಲುವನ್ನು ಪಡೆದದ್ದು ಇದೇ ಮಣ್ಣಿನಲ್ಲಿ. 1964ರ ಮೇ ತಿಂಗಳಲ್ಲಿ ಷಾರ್ಲಟ್‌ನ ರೇಸಿನಲ್ಲಿ ಕಾರಿಗೆ ಬೆಂಕಿ ಹತ್ತಿ ತೀವ್ರವಾಗಿ ಸುಟ್ಟುಕೊಂಡ ಅವರು ಜುಲೈನಲ್ಲಿ ತೀರಿಕೊಂಡರು. ಅದನ್ನು ತಿಳಿದುಕೊಂಡು ಇಲ್ಲಿ ನಡೆಯುವವರಿಗೆ ಈ ಕಾಡಿನ ದಾರಿ ಬರೀ ವಿಹಾರದ ಜಾಗವಾಗಿ ತೋರುವುದಿಲ್ಲ.

ಆ ಕಾಲದ ಚಾಲಕರು ಸಾಮಾನ್ಯ ಕುಟುಂಬಗಳಿಂದ ಬಂದವರು. ಫ್ಲಾಕ್ ಸಹೋದರರಂತೆ ಕೆಲವರು ಕಳ್ಳಭಟ್ಟಿ ಸಾಗಿಸುತ್ತಾ, ರಾತ್ರಿಯ ಹಳ್ಳಿದಾರಿಗಳಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳುತ್ತಲೇ ವೇಗದ ಚಾಲನೆಯನ್ನು ಕರಗತ ಮಾಡಿಕೊಂಡವರು. ಲೀ ಪೆಟಿ ಮತ್ತು ಅವರ ಮಗ ರಿಚರ್ಡ್ ಪೆಟಿ ಇದೇ ರಾಜ್ಯದ ಲೆವೆಲ್ ಕ್ರಾಸ್ ಎಂಬ ಹಳ್ಳಿಯವರು. ಅಪ್ಪ ಮೂರು ಬಾರಿ, ಮಗ ಏಳು ಬಾರಿ ಚಾಂಪಿಯನ್ ಆದರು. 1968ರ ಸೆಪ್ಟೆಂಬರ್ 15ರಂದು ಇಲ್ಲಿ ನಡೆದ ಕೊನೆಯ ರೇಸನ್ನು ಗೆದ್ದವರು ರಿಚರ್ಡ್ ಪೆಟಿ.

1954ರಲ್ಲಿ ಆರೆಂಜ್ ಸ್ಪೀಡ್‌ವೇ ಎಂದು ಹೆಸರು ಬದಲಾಯಿಸಿಕೊಂಡಿದ್ದ ಈ ಟ್ರ್ಯಾಕ್ ಮುಚ್ಚಲು ಭಾನುವಾರದ ರೇಸಿಗೆ ಊರಿನ ಚರ್ಚುಗಳ ಮುಖಂಡರು ತೋರಿದ ವಿರೋಧವೂ ಒಂದು ಕಾರಣ. ಇದರ ಬದಲಿಗೆ ಬಿಲ್ ಫ್ರಾನ್ಸ್ ಅಲಬಾಮಾ ರಾಜ್ಯದ ಟಲಡೇಗಾದಲ್ಲಿ 2.66 ಮೈಲಿ ಸುತ್ತಳತೆಯ ಭಾರಿ ಟ್ರ್ಯಾಕನ್ನು ಕಟ್ಟಿಸಿದರು. ಅದು 1969ರಲ್ಲಿ ಆರಂಭವಾಯಿತು. ಹಿಲ್ಸ್‌ಬರೊದ ಮಣ್ಣಿನಲ್ಲಿ ಸಸಿಗಳು ಮೊಳೆತವು. ಬಡಾವಣೆಯಾಗಿಯೋ ಗೋದಾಮಾಗಿಯೋ ಮಾರ್ಪಡಬಹುದಾಗಿದ್ದ ಈ ನೆಲ 2002ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಇಂಥ ಜಾಗಕ್ಕೆ ಆ ಗೌರವ ಸಲ್ಲಬೇಕೆಂದು ಹಟ ಹಿಡಿದು ದುಡಿದವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಮರಗಳನ್ನು ಕಡಿದು ಟ್ರ್ಯಾಕನ್ನು ಹಳೆಯ ರೂಪಕ್ಕೆ ತರುವ ಗೋಜಿಗೆ ಹೋಗದಿರುವುದು ಸಂರಕ್ಷಕರ ಅತ್ಯಂತ ಸರಿಯಾದ ನಿರ್ಧಾರವೆಂದು ನನಗನಿಸುತ್ತದೆ, ಏಕೆಂದರೆ ಎಷ್ಟು ಕಾಲ ಕಳೆದಿದೆ ಎಂಬುದನ್ನು ಆ ಮರಗಳಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳಲಾರದು.

ಚಾಲಕರ ಕುರಿತು ಸ್ವಲ್ಪ ಓದಿಕೊಂಡು ಹೋಗುವುದು ಒಳ್ಳೆಯದು. ಏನೂ ತಿಳಿಯದೆ ಹೋದವರಿಗೆ ಹಳೆಯ ಮೆಟ್ಟಿಲು, ತಂತಿಬೇಲಿಗಳಷ್ಟೇ ಕಂಡಾವು. ಮಕ್ಕಳಿಗಂತೂ ಪ್ರತಿ ತಿರುವಿನಲ್ಲೂ ಒಬ್ಬೊಬ್ಬ ಚಾಲಕರ ಕಥೆ ಹೇಳುತ್ತಾ ನಡೆದರೆ ದಾರಿ ಸಾಗಿದ್ದೇ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಸೊಳ್ಳೆ, ಉಣ್ಣಿಗಳ ಕಾಟವಿರುವುದರಿಂದ ಪೂರ್ತಿ ಕಾಲು ಮುಚ್ಚುವ ಉಡುಪು ಅಗತ್ಯ. ಮಳೆ ಬಂದ ಮರುದಿನ ನದಿಯ ಬದಿಯ ದಾರಿ ಕೆಸರಾಗಿರುತ್ತದೆ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಎಲೆ ಉದುರಿದ ಕಾಲದಲ್ಲಿ ಹೋದರೆ ಟ್ರ್ಯಾಕಿನ ಆಕಾರ ಚೆನ್ನಾಗಿ ಕಾಣುತ್ತದೆ. ಊರಿನ ರಿವರ್‌ವಾಕ್ ದಾರಿ ಈ ಟ್ರೇಲಿಗೆ ಕೂಡಿಕೊಳ್ಳುವುದರಿಂದ ಹಿಲ್ಸ್‌ಬರೊ ಪೇಟೆಯಲ್ಲಿ ಕಾಫಿ ಕುಡಿದು ನಡೆದುಕೊಂಡೇ ಬರಬಹುದು. ಇಡೀ ದಿನ ಬಿಡುವಿದ್ದವರು ಬೆಳಿಗ್ಗೆ ಇಲ್ಲಿ ನಡೆದು, ಮಧ್ಯಾಹ್ನ ಲೆವೆಲ್ ಕ್ರಾಸ್‌ನಲ್ಲಿರುವ ಪೆಟಿ ಕುಟುಂಬದ ವಸ್ತುಸಂಗ್ರಹಾಲಯಕ್ಕೆ ಹೋಗುವುದಾದರೆ, ಅದು ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೊರಡಬೇಕು.