ಮರ್ಫಿಯವರ ನೀಲಿ ವ್ಯಾಕರಣ: ಕನ್ನಡ ಮಾಧ್ಯಮದವರಿಗೆ ಎಷ್ಟು ಉಪಯೋಗ?

ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಕಾಲೇಜಿಗೋ ಕಚೇರಿಗೋ ಸೇರಿದವರು ಇಂಗ್ಲಿಷ್ ವ್ಯಾಕರಣವನ್ನು ತಾವೇ ಕಲಿಯಲು ಹೊರಟಾಗ ಅವರಿಗೆ ಬಹುಬೇಗ ಎದುರಾಗುವ ಪುಸ್ತಕ ರೇಮಂಡ್ ಮರ್ಫಿ ಅವರ ನೀಲಿ ಹೊದಿಕೆಯ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್'. ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ 1985ರಲ್ಲಿ ಮೊದಲು ಹೊರತಂದ ಇದರ ಐದನೆಯ ಆವೃತ್ತಿ 2019ರಲ್ಲಿ ಬಂದಿದೆ. ಪದವಿ ತರಗತಿಗೆ ಸೇರಿರುವ ತಂಗಿಯ ಮಗಳಿಗಾಗಿ ಇದನ್ನು ಕೊಂಡು, ಅವಳಿಂದ ಅಭ್ಯಾಸಗಳನ್ನು ಮಾಡಿಸುತ್ತಿದ್ದೇನೆ. ಓದುವವರ ಮಾತೃಭಾಷೆ ಯಾವುದೆಂದು ಕೇಳದೆ ಬರೆದ ಪುಸ್ತಕವಿದು; ಆದ್ದರಿಂದ ಓದುವ ಕ್ರಮವನ್ನು ಕನ್ನಡಿಗರು ತಾವೇ ನಿರ್ಧರಿಸಿಕೊಳ್ಳಬೇಕು.

ಒಟ್ಟು 145 ಪಾಠಗಳಿದ್ದು, ಪ್ರತಿಯೊಂದರಲ್ಲೂ ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ. ಪುಟ ತಿರುವದೆ ನಿಯಮವನ್ನೂ ಪ್ರಶ್ನೆಯನ್ನೂ ಒಟ್ಟಿಗೆ ನೋಡಬಹುದಾದ ಈ ಏರ್ಪಾಟಿನಿಂದಾಗಿ ಮೇಷ್ಟ್ರ ನೆರವಿಲ್ಲದೆಯೂ ಓದು ಸಾಗುತ್ತದೆ.

ನಮ್ಮವರಿಗೆ ಅತಿ ಹೆಚ್ಚು ಪ್ರಯೋಜನವಾಗುವುದು 7ರಿಂದ 14ರವರೆಗಿನ ಪ್ರೆಸೆಂಟ್ ಪರ್ಫೆಕ್ಟ್ ('ಐ ಹ್ಯಾವ್ ಸೀನ್' ಎಂಬಂಥ ರೂಪ) ಪಾಠಗಳಿಂದ. 'ನಿನ್ನೆ ಅವರನ್ನು ನೋಡಿದ್ದೇನೆ' ಎಂದು ಕನ್ನಡದಲ್ಲಿ ಸಲೀಸಾಗಿ ಹೇಳುವ ನಾವು, ಅದೇ ರೂಢಿಯಲ್ಲಿ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಎಂದುಬಿಡುತ್ತೇವೆ. ಮುಗಿದುಹೋದ ಕಾಲವನ್ನು ಹೆಸರಿಸಿದ ಮೇಲೆ 'ಐ ಸಾ ಹಿಮ್' ಎಂದೇ ಹೇಳಬೇಕೆಂಬುದನ್ನು ಮರ್ಫಿ ಎರಡೆರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು, ವ್ಯತ್ಯಾಸ ಕಣ್ಣಿಗೇ ಕಾಣುವಂತೆ ತಿಳಿಸುತ್ತಾರೆ. ಯಾವ ಕ್ರಿಯಾಪದಗಳಿಗೆ ಸಾಮಾನ್ಯವಾಗಿ 'ಇಂಗ್' ಸೇರಿಸುವುದಿಲ್ಲವೆಂದು ತಿಳಿಸುವ ನಾಲ್ಕನೆಯ ಪಾಠವೂ ಅಷ್ಟೇ ಮುಖ್ಯ. 'ಐ ಆ್ಯಮ್ ಹ್ಯಾವಿಂಗ್ ಒನ್ ಡೌಟ್' ಎಂಬ, ನಮ್ಮೂರಿನ ಯಾವ ಮೀಟಿಂಗ್‌ನಲ್ಲೂ ತಪ್ಪದೆ ಕೇಳಿಬರುವ ವಾಕ್ಯಕ್ಕೆ ಅಲ್ಲಿ ಮದ್ದಿದೆ.

ಆರ್ಟಿಕಲ್‌ಗಳ, ಅಂದರೆ 'ಎ', 'ಆ್ಯನ್', 'ದಿ' ಪದಗಳ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಕನ್ನಡದಲ್ಲಿ 'ದಿ' ಎಂಬುದಕ್ಕೆ ಸಮನಾದದ್ದೇ ಇಲ್ಲದಿರುವುದರಿಂದ, ಅದು ಎಲ್ಲಿ ಬೇಕೆಂಬುದಕ್ಕಿಂತ ಮೊದಲು ಅದು ಮಾಡುವ ಕೆಲಸವೇನೆಂಬುದು ನಮಗೆ ತಿಳಿಯಬೇಕು. ಪಾಠಗಳೇನೋ ಹಲವಿವೆ, ಆದರೆ ಬಿಟ್ಟ ಸ್ಥಳ ತುಂಬುವ ಅಭ್ಯಾಸಗಳಲ್ಲಿ ಊಹೆಯಿಂದಲೇ ಅರ್ಧಕ್ಕರ್ಧ ಉತ್ತರ ಸರಿಹೋಗಿಬಿಡುತ್ತದೆ. ಇದಕ್ಕೆ ನಾವು ಕಂಡುಕೊಂಡ ದಾರಿಯೆಂದರೆ, ಇಂಗ್ಲಿಷ್ ಪತ್ರಿಕೆಯ ಒಂದು ಸಣ್ಣ ಸುದ್ದಿಯಿಂದ ಆರ್ಟಿಕಲ್‌ಗಳನ್ನೆಲ್ಲ ತೆಗೆದು ಬರೆದುಕೊಂಡು, ಮತ್ತೆ ತುಂಬಿ, ಮೂಲದೊಡನೆ ಹೋಲಿಸಿ ನೋಡುವುದು.

ಮೊದಲ ಪಾಠದಿಂದ ಕೊನೆಯವರೆಗೆ ಓದುವ ಹಟ ಬೇಡ. ಪುಸ್ತಕದ ಹಿಂಭಾಗದಲ್ಲಿರುವ ಸ್ಟಡಿ ಗೈಡ್‌ನ ಪ್ರಶ್ನೆಗಳಿಗೆ ಉತ್ತರಿಸಿದರೆ ಯಾವ ಪಾಠ ಬೇಕೆಂದು ಅದೇ ಸೂಚಿಸುತ್ತದೆ. ಇಂಗ್ಲಿಷ್‌ನಲ್ಲಿರುವ ವಿವರಣೆಯನ್ನು ಓದುವುದೇ ಕಷ್ಟವೆನಿಸುವವರು ಇದೇ ಲೇಖಕರ ಕೆಂಪು ಹೊದಿಕೆಯ 'ಎಸೆನ್ಶಿಯಲ್' ಪುಸ್ತಕದಿಂದ ಶುರುಮಾಡುವುದು ಒಳ್ಳೆಯದು. ಪದಸಂಪತ್ತು ಇದರಿಂದ ಹೆಚ್ಚೇನೂ ಬೆಳೆಯದು. ಅದಕ್ಕೆ ಇದೇ ಎಡ-ಬಲ ಪುಟಗಳ ಮಾದರಿಯ 'ಇಂಗ್ಲಿಷ್ ವೊಕ್ಯಾಬ್ಯುಲರಿ ಇನ್ ಯೂಸ್' ಸರಣಿ ಬೇರೆಯೇ ಇದೆ.

ಹಳೆಯ ಪ್ರತಿ ಬೇಕೆನ್ನುವವರು ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟ್‌ನಲ್ಲೋ ಹುಡುಕಬಹುದು. ಹಿಂದಿನ ಆವೃತ್ತಿಯಾದರೂ ಅಡ್ಡಿಯಿಲ್ಲ, ವ್ಯಾಕರಣ ಅಷ್ಟು ಬೇಗ ಬದಲಾಗುವುದಿಲ್ಲ. ಆದರೆ ಉತ್ತರಗಳಿಲ್ಲದ ಮುದ್ರಣವೂ ಮಾರಾಟದಲ್ಲಿರುವುದರಿಂದ ಹಣ ಕೊಡುವ ಮೊದಲು ಕೊನೆಯ ಪುಟಗಳನ್ನು ನೋಡಿಕೊಳ್ಳಿ. ಹಿಂದಿನವರು ಬಲಪುಟಗಳನ್ನು ಪೆನ್ನಿನಲ್ಲಿ ತುಂಬಿಟ್ಟಿದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.