ಪಾರ್ಕಿನ ಗೇಟಲ್ಲಿ ಚಾಕು ಕೊಟ್ಟರೆ ಹೋಯ್ತು ಅಂತಲೇ ತಿಳ್ಕೊಳ್ಳಿ

ಕೊಡಗಿನ ವಾಟರ್ ಪಾರ್ಕು, ಅಡ್ವೆಂಚರ್ ಪಾರ್ಕು ಅಂತ ಮಕ್ಕಳನ್ನು ಕರ್ಕೊಂಡು ಹೊರಡುವವರು ಇದನ್ನು ಓದಿಕೊಂಡು ಹೊರಡಿ. ಜೇಬಲ್ಲಿ ಮಡಿಸುವ ಚಾಕು ಇದ್ದರೆ ಮನೆಯಲ್ಲೇ ಬಿಡಿ, ಇಲ್ಲಾ ಕಾರಲ್ಲಿ ಬಿಡಿ. ಗೇಟಲ್ಲಿ ‘ಇಟ್ಟಿರ್ತೀವಿ ಸಾರ್’ ಅಂದರೆ ನಂಬಬೇಡಿ. ನಂಬಲೇಬೇಡಿ. ನನ್ನ ಚಾಕು ಹಾಗೇ ಹೋಯ್ತು. ಪಾರ್ಕಿನ ಹೆಸರು ಹಾಕುತ್ತಿಲ್ಲ, ಕೇಸು ಹಾಕುವ ತನಕ ಬೇಡ ಅಂತ ವಿರಾಜಪೇಟೆಯ ವಕೀಲ ಸ್ನೇಹಿತ ಹೇಳಿದ್ದಾನೆ.

ಜೇಬಲ್ಲಿ ಚಾಕು ಯಾಕಿತ್ತು ಅಂತ ಕೇಳುವವರು ತೋಟ ನೋಡಿದವರಲ್ಲ. ಹಿಪ್ಪಲಿ ಗಿಡಕ್ಕೆ ಕಾಳುಮೆಣಸು ಕಸಿ ಕಟ್ಟಲು, ಗೊಬ್ಬರದ ಚೀಲ ಬಿಚ್ಚಲು, ಕಿತ್ತಳೆ ಸುಲಿಯಲು, ಎಲ್ಲದಕ್ಕೂ ಅದೇ. ನನ್ನದು ಕೆಂಪು ಹಿಡಿಯ ವಿಕ್ಟೋರಿನಾಕ್ಸ್, ಮಡಿಸಿದರೆ 91 ಮಿಲಿಮೀಟರ್. ಭಾವ ವಿದೇಶದಿಂದ ತಂದುಕೊಟ್ಟಿದ್ದು. ಆ ಭಾವ ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದರು.

ಸೆಕ್ಯುರಿಟಿ ಹುಡುಗ ಜೇಬು ತಡವಿದ. ಚಾಕು ತೆಗೆದು ಎತ್ತಿ ಹಿಡಿದು, ಸಾಲಲ್ಲಿದ್ದವರಿಗೆಲ್ಲ ಕೇಳುವ ಹಾಗೆ, “ಇದೇನ್ ಸಾರ್, ಚಾಕು ಇಟ್ಕೊಂಡು ಬಂದಿದ್ದೀರಾ?” ಅಂದ. ಹಿಂದೆ ನಿಂತಿದ್ದ ಹೆಂಗಸೊಬ್ಬರು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. ಕೈಲ್‌ಮುಹೂರ್ತಕ್ಕೆ ಕೋವಿ, ಒಡಿಕತ್ತಿ ಇಟ್ಟು ಪೂಜೆ ಮಾಡುವ ಜಿಲ್ಲೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ ಇರುವ ಜಿಲ್ಲೆ. ಇಲ್ಲಿ ಕಿತ್ತಳೆ ಸುಲಿಯುವ ಚಾಕುವಿಗೆ ನಾನು ರೌಡಿಯಾದೆ! ಆಯ್ತಪ್ಪ, ಅವರ ಜಾಗ, ಅವರ ನಿಯಮ. ಕೊಟ್ಟೆ. “ಇಟ್ಟಿರ್ತೀವಿ ಸಾರ್” ಅಂದ. ಟೋಕನ್ ಕೇಳಿದೆ. “ಕೈಗೆ ಕಟ್ಟಿದ ಬ್ಯಾಂಡಲ್ಲೇ ನಂಬರ್ ಇದೆ ಸಾರ್, ಅದೇ ಟೋಕನ್” ಅಂದ. ಅದೇ ಟೋಕನ್ ಅಂತೆ! ಲೈಟರು, ಗುಟ್ಕಾ ಪ್ಯಾಕೆಟ್ಟು ತುಂಬಿದ್ದ ರಟ್ಟಿನ ಡಬ್ಬಕ್ಕೆ ಎಸೆದ. ನಂಬರೂ ಬರೆದುಕೊಳ್ಳಲಿಲ್ಲ, ಚೀಟಿಯೂ ಅಂಟಿಸಲಿಲ್ಲ.

ಸಂಜೆ ಹೊರಗೆ ಬಂದರೆ ಬೇರೆ ಹುಡುಗ. ಡಬ್ಬ ಅಲ್ಲೇ ಇದೆ, ಲೈಟರುಗಳೂ ಇವೆ, ಯಾರದೋ ಬೀಡಿ ಕಟ್ಟೂ ಭದ್ರವಾಗಿದೆ. ನನ್ನ ಚಾಕು ಇಲ್ಲ. ಬ್ಯಾಂಡ್ ತೋರಿಸಿದೆ. “ಇದು ಎಂಟ್ರಿ ಬ್ಯಾಂಡ್ ಸಾರ್, ರಸೀದಿ ತೋರಿಸಿ.” ರಸೀದಿ ಕೊಟ್ಟಿದ್ದರೆ ತಾನೇ ತೋರಿಸುವುದು? ಅವನು ಡಬ್ಬದ ತಳ ಕೆದಕಿ ತುಕ್ಕು ಹಿಡಿದ ಒಂದು ಚಾಕು ತೆಗೆದು ನನ್ನ ಮುಂದೆ ಚಾಚಿದ. “ಬೇಕಾದ್ರೆ ಇದನ್ನ ತಗೊಳ್ಳಿ ಸಾರ್.”

ಅಲ್ಲಿ ಗೊತ್ತಾಯ್ತು ನನಗೆ. ಬೇರೆ ಯಾರದೋ ಚಾಕು! ಅವರೂ ಪಾಪ ಒಳಗೆ ನೀರಲ್ಲಿ ಮಕ್ಕಳ ಜೊತೆ ಆಡುತ್ತಿರಬಹುದು. ನನಗೆ ಅವರದನ್ನು ಕೊಡಲು ಬಂದವರು ನನ್ನದನ್ನು ಯಾರಿಗೆ ಕೊಟ್ಟಿರಲಿಕ್ಕಿಲ್ಲ? ಭಾವ ಏನೂ ಮಾತಾಡಲಿಲ್ಲ, ಪಾರ್ಕಿಂಗ್ ಕಡೆ ನಡೆದರು. ನಾನು ಮ್ಯಾನೇಜರ್ ಹತ್ತಿರ ಹೋದೆ.

ಅವರ ಮಾತು ಕೇಳಿ. ಮೊದಲು, “ಚಾಕು ತಂದಿದ್ದೇ ತಪ್ಪಲ್ವಾ ಸಾರ್?” ಆಮೇಲೆ, “ಟಿಕೆಟ್ ಹಿಂದೆ ಓದಿ, ಕಳೆದುಹೋದ ವಸ್ತುಗಳಿಗೆ ನಾವು ಜವಾಬ್ದಾರರಲ್ಲ.” ಕಳೆದುಕೊಂಡಿದ್ದು ನಾನಾ? ಕ್ಯಾಮೆರಾ ನೋಡಿ ಅಂದರೆ, “ಆ ಕ್ಯಾಮೆರಾ ಲೈವ್ ಮಾತ್ರ, ರೆಕಾರ್ಡ್ ಆಗಲ್ಲ.” ಕೊನೆಗೆ, “ನಾವು ಇಟ್ಕೊಂಡಿದ್ದಲ್ಲ ಸಾರ್, ಜಪ್ತಿ ಮಾಡಿದ್ದು.” ಬೆಳಿಗ್ಗೆ ‘ಇಟ್ಟಿರ್ತೀವಿ’, ಸಂಜೆ ‘ಜಪ್ತಿ’! ಇವರೇನು ಪೊಲೀಸರಾ? 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಚಾಕುವಿನ ಮಾತು ಬರುವುದೇ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದಾಗ. ಮನೆಬಳಕೆಯ, ಕೃಷಿಯ ಚಾಕುಗಳಿಗೆ ಅದೂ ಇಲ್ಲ. ಒಳಗೆ ಬಿಡುವುದಿಲ್ಲ ಅನ್ನಲಿ, ವಾಪಸ್ ಕಾರಿಗೆ ಕಳಿಸಲಿ. ಜಪ್ತಿ ಮಾಡಲು ಇವರ್ಯಾರು?

ವಕೀಲ ಸ್ನೇಹಿತ ಹೇಳಿದ್ದು ಇಷ್ಟು. 1872ರ ಕರಾರು ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ, ಇನ್ನೊಬ್ಬರ ವಸ್ತು ಇಟ್ಟುಕೊಂಡವರು ಬುದ್ಧಿ ಇರುವವನು ತನ್ನ ವಸ್ತುವನ್ನು ಹೇಗೆ ಜೋಪಾನ ಮಾಡುತ್ತಾನೋ ಹಾಗೆ ನೋಡಿಕೊಳ್ಳಬೇಕು. ರಟ್ಟಿನ ಡಬ್ಬಕ್ಕೆ ಎಸೆಯುವುದು ಜೋಪಾನವಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಒಂದು ಚಾಕುವಿಗೆ ಇಷ್ಟೆಲ್ಲಾನಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಹೌದು, ಇಷ್ಟೆಲ್ಲಾ! ಸಾಲಲ್ಲಿ ನಿಲ್ಲಿಸಿ ಮಾನ ಕಳೆದರಲ್ಲ.

ನೀವು ಕೊಡಲೇಬೇಕಾಗಿ ಬಂದರೆ ಅವರ ಕೈಯಲ್ಲಿರುವಾಗಲೇ ಫೋಟೋ ತೆಗೆಯಿರಿ. ಬರೆದ ರಸೀದಿ ಕೇಳಿ. ಕೊಡದಿದ್ದರೆ ಚಾಕು ಇಸ್ಕೊಂಡು ಕಾರಿಗೆ ಹೋಗಿ ಇಟ್ಟು ಬನ್ನಿ, ಸಾಲಲ್ಲಿದ್ದವರು ಗೊಣಗಿದರೆ ಗೊಣಗಲಿ.

ನಿನ್ನೆ ಪಾರ್ಕಿನವರ ವಾಟ್ಸಾಪ್ ಬಂತು. ದೂರಿಗೆ ಉತ್ತರ ಅಂದುಕೊಂಡು ತೆಗೆದೆ. ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ಮುಂದಿನ ಭೇಟಿಗೆ ಒಂದು ಟಿಕೆಟ್ ಮೇಲೆ ರಿಯಾಯಿತಿ’ ಅಂತೆ. ಬ್ಲಾಕ್ ಮಾಡಿಲ್ಲ, ಸ್ಕ್ರೀನ್‌ಶಾಟ್ ತೆಗೆದು ವಕೀಲನಿಗೆ ಕಳಿಸಿದ್ದೇನೆ.