ಮಾರ್ಕೆಟಿಂಗ್ ಅಥವಾ ಸಾರ್ವಜನಿಕ ಸಂಪರ್ಕ: ವಿದ್ಯಾರ್ಥಿಯ ಮುಂದಿನ ಎರಡು ದಾರಿ

ಮಾರ್ಕೆಟಿಂಗ್ ಓದುವವರು 1960ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ ಮುಂದಿಟ್ಟ ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕು ಅಂಶಗಳಿಂದ ಆರಂಭಿಸಿ, ಗ್ರಾಹಕರನ್ನು ವಿಂಗಡಿಸುವುದನ್ನೂ ಜಾಹೀರಾತಿನ ಫಲವನ್ನು ಅಂಕಿಗಳಲ್ಲಿ ಅಳೆಯುವುದನ್ನೂ ಕಲಿಯುತ್ತಾರೆ. ಸಾರ್ವಜನಿಕ ಸಂಪರ್ಕದ ಬಂಡವಾಳವೇ ಬೇರೆ, ಅದು ವಿಶ್ವಾಸ. ಅಲ್ಲಿ ಪತ್ರಿಕೆಯ ಜಾಗವನ್ನು ಹಣ ಕೊಟ್ಟು ಕೊಳ್ಳುವುದಿಲ್ಲ, ಸಂಪಾದಕರಿಗೆ ಸುದ್ದಿಯೆನಿಸುವಂತೆ ಬರೆದು ಗಳಿಸಬೇಕಾಗುತ್ತದೆ. 1982ರಲ್ಲಿ ಶಿಕಾಗೋ ಪ್ರದೇಶದಲ್ಲಿ ಯಾರೋ ವಿಷ ಬೆರೆಸಿದ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲ್‌ಗಳಿಂದ 7 ಮಂದಿ ಸತ್ತಾಗ, ಅದರ ಒಡೆತನದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯು ಜಾಹೀರಾತು ನಿಲ್ಲಿಸಿ, ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂಪಡೆದು, ಮಾಧ್ಯಮಗಳಿಗೆ ಮುಕ್ತವಾಗಿ ಉತ್ತರಿಸಿದ ಬಗೆಯನ್ನು ಸಾರ್ವಜನಿಕ ಸಂಪರ್ಕದ ತರಗತಿಗಳಲ್ಲಿ ಇಂದಿಗೂ ಪಾಠವಾಗಿ ಓದಿಸುತ್ತಾರೆ. ಅಂಕಿಗಳೊಡನೆ ನಂಟಿರುವವರಿಗೆ ಮೊದಲನೆಯದು ಒಗ್ಗುತ್ತದೆ, ಬರವಣಿಗೆಯ ಹದ ಬಲ್ಲವರು, ಅದರಲ್ಲೂ ಕಠಿಣ ಪ್ರಶ್ನೆಗೆ ಅಂಜದವರು, ಎರಡನೆಯದನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ.